230 ಜನರ ಹಳ್ಳಿಗೆ ಬಂದ ಪಾದ್ರಿ: ಆರ್ಸ್‌ನ ಸಂತ ಜಾನ್ ಮರಿಯ ವಿಯಾನಿ

ಕಥೋಲಿಕ ಇಗರ್ಜಿಗೆ ಹೊಸ ಧರ್ಮಗುರು ಬರುತ್ತಾರೆಂದರೆ ಅದು ಆ ಇಗರ್ಜಿಗೆ ಸೇರಿದ ಪ್ರತಿ ಮನೆಗೂ ಸಂಬಂಧಿಸಿದ ಸುದ್ದಿ. ಬಿಷಪರ ಆದೇಶವನ್ನು ಓದಿ, ಹಾರ ಹಾಕಿ, ಹೊಸ ವಿಗಾರರನ್ನು ಬರಮಾಡಿಕೊಳ್ಳುವ ಸಮಾರಂಭ ಮಂಗಳೂರು, ಉಡುಪಿ ಕಡೆಯವರಿಗೆ ಹೊಸತಲ್ಲ. ಮುಂಬಯಿಯ ಉಪನಗರಗಳಲ್ಲಿ ನೆಲೆಸಿರುವ ಕರಾವಳಿಯ ಕ್ರೈಸ್ತ ಬಂಧುಗಳೂ ತಮ್ಮ ತಮ್ಮ ಚರ್ಚ್‌ಗಳಲ್ಲಿ ಇದನ್ನು ಕಂಡವರೇ. ಹೀಗೆ ಒಂದು ಊರಿನ ಇಗರ್ಜಿಯ ಹೊಣೆ ಹೊತ್ತ ಜಗತ್ತಿನ ಎಲ್ಲ ಧರ್ಮಗುರುಗಳಿಗೆ ಪಾಲಕ ಸಂತರೆಂದು 1929ರಲ್ಲಿ ಪೋಪ್ 11ನೇ ಪಿಯುಸ್ ಘೋಷಿಸಿದ್ದು ಯಾವುದೇ ಮಹಾಪಂಡಿತರನ್ನಲ್ಲ. ಲ್ಯಾಟಿನ್ ಭಾಷೆ ತಲೆಗೆ ಹತ್ತದ ಕಾರಣಕ್ಕೆ ಗುರುಮಠದಿಂದ ಹೊರಬೀಳಬೇಕಾಗಿ ಬಂದಿದ್ದ ಫ್ರಾನ್ಸಿನ ರೈತನ ಮಗನೊಬ್ಬನನ್ನು. ಅವರೇ ಸಂತ ಜಾನ್ ಮರಿಯ ವಿಯಾನಿ. ಆಗಸ್ಟ್ 4 ಅವರ ಹಬ್ಬದ ದಿನ.

ವಿಯಾನಿ ಹುಟ್ಟಿದ್ದು 1786ರ ಮೇ 8ರಂದು, ಲಿಯೋನ್ ನಗರದ ಸಮೀಪದ ದಾರ್ದಿಯಿ ಎಂಬ ಹಳ್ಳಿಯಲ್ಲಿ. ತಂದೆ ಮತ್ಯೂ, ತಾಯಿ ಮರಿ. ಆರು ಮಕ್ಕಳಲ್ಲಿ ಇವರು ನಾಲ್ಕನೆಯವರು. ಹೊಲ, ದ್ರಾಕ್ಷಿ ತೋಟ, ಕುರಿ, ದನ, ಇಷ್ಟೇ ಅವರ ಬಾಲ್ಯದ ಲೋಕ. ಮೂರು ವರ್ಷ ತುಂಬಿದ ಹೊತ್ತಿಗೆ ಫ್ರಾನ್ಸಿನ ಕ್ರಾಂತಿ ಆರಂಭವಾಯಿತು. ಹೊಸ ಸರಕಾರಕ್ಕೆ ಪ್ರಮಾಣ ಮಾಡಲೊಪ್ಪದ ಪಾದ್ರಿಗಳು ವೇಷ ಮರೆಸಿಕೊಂಡು ರಾತ್ರಿ ಹೊತ್ತು ರೈತರ ಕೊಟ್ಟಿಗೆಗಳಲ್ಲಿ ಬಲಿಪೂಜೆ ಅರ್ಪಿಸುತ್ತಿದ್ದರು. ಸಿಕ್ಕಿಬಿದ್ದರೆ ಮರಣದಂಡನೆ. ವಿಯಾನಿಯವರ ಮನೆಯವರು ಕತ್ತಲಲ್ಲಿ ನಡೆದು ಅಂಥ ಪೂಜೆಗಳಿಗೆ ಹೋಗುತ್ತಿದ್ದರು. 1799ರಲ್ಲಿ ಬಾಲಕ ವಿಯಾನಿ ಮೊದಲ ಪರಮಪ್ರಸಾದ ಸ್ವೀಕರಿಸಿದ್ದು ಎಕ್ಯುಲಿ ಎಂಬಲ್ಲಿಯ ಒಂದು ಮನೆಯೊಳಗೆ. ಒಳಗಿನ ಮೇಣದ ಬತ್ತಿಯ ಬೆಳಕು ಹೊರಗೆ ಕಾಣಬಾರದೆಂದು ಕಿಟಕಿ ಮುಚ್ಚಿ, ಅದರ ಮುಂದೆ ಹುಲ್ಲಿನ ಗಾಡಿಗಳನ್ನು ನಿಲ್ಲಿಸಿದ್ದರಂತೆ. ಪಾದ್ರಿಯಾಗುವುದೆಂದರೆ ಪ್ರಾಣವನ್ನು ಪಣಕ್ಕಿಡುವ ಕೆಲಸ ಎಂಬುದನ್ನು ಹದಿಮೂರರ ಆ ಹುಡುಗ ಕಣ್ಣಾರೆ ಕಂಡಿದ್ದ.

ಆದರೆ ಶಾಲೆಗೆ ಹೋದದ್ದು ಅಲ್ಪಕಾಲ ಮಾತ್ರ. ಎಕ್ಯುಲಿಯ ಪಾದ್ರಿ ಬಾಲೆಯವರು ತಮ್ಮ ನಿವಾಸದಲ್ಲೇ ನಡೆಸುತ್ತಿದ್ದ ಪಾಠಶಾಲೆಗೆ ಸೇರುವಾಗ ವಿಯಾನಿಗೆ ಇಪ್ಪತ್ತು ವರ್ಷ. ಜತೆಯಲ್ಲಿ ಕುಳಿತವರು ಚಿಕ್ಕ ಹುಡುಗರು. ಲ್ಯಾಟಿನ್ ವ್ಯಾಕರಣ ಎಷ್ಟು ಉರು ಹೊಡೆದರೂ ಮರುದಿನಕ್ಕೆ ಉಳಿಯುತ್ತಿರಲಿಲ್ಲ. ಪಾಠ ಹೇಳಿಕೊಡಲು ಹೋದ ಮಥಿಯಾಸ್ ಲೋರಾಸ್ ಎಂಬ ಹುಡುಗ ಒಮ್ಮೆ ತಾಳ್ಮೆಗೆಟ್ಟು ಅವರ ಮೇಲೆ ಕೈಮಾಡಿದ. ವಯಸ್ಸಿನಲ್ಲಿ ಎಷ್ಟೋ ದೊಡ್ಡವರಾದ ವಿಯಾನಿ ತಿರುಗಿ ಹೊಡೆಯದೆ, ಅವನ ಮುಂದೆ ಮೊಣಕಾಲೂರಿ ಕ್ಷಮೆ ಕೇಳಿದರು. ಆ ಹುಡುಗ ಮುಂದೆ ಅಮೆರಿಕದ ಡುಬುಕ್‌ನ ಬಿಷಪರಾದರು.

ಅಷ್ಟರಲ್ಲಿ ನೆಪೋಲಿಯನ್‌ನ ಸೈನ್ಯದಿಂದ ಕರೆ ಬಂತು. ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದ ವಿಯಾನಿ ತಮ್ಮ ತುಕಡಿಯಿಂದ ಹಿಂದೆ ಉಳಿದರು. ಕೊನೆಗೆ ಬೆಟ್ಟದ ಮೇಲಿನ ಹಳ್ಳಿಯೊಂದರಲ್ಲಿ ಜೆರೋಮ್ ವಿನ್ಸೆಂಟ್ ಎಂಬ ಸುಳ್ಳು ಹೆಸರಿನಲ್ಲಿ ಹದಿನಾಲ್ಕು ತಿಂಗಳು ತಲೆಮರೆಸಿಕೊಂಡು, ಅಲ್ಲಿಯ ಮಕ್ಕಳಿಗೆ ಅಕ್ಷರ ಕಲಿಸುತ್ತಾ ಕಾಲ ಕಳೆದರು. ಚಕ್ರವರ್ತಿಯ ಮದುವೆಯ ಸಂದರ್ಭದಲ್ಲಿ 1810ರಲ್ಲಿ ಕ್ಷಮಾದಾನ ಪ್ರಕಟವಾಯಿತು. ತಮ್ಮ ಫ್ರಾಂಸ್ವಾ ಅವರ ಬದಲಿಗೆ ಸೈನ್ಯಕ್ಕೆ ಹೋದ ಮೇಲೆಯೇ ಅವರು ಊರಿಗೆ ಮರಳಲು ಸಾಧ್ಯವಾದದ್ದು. ಸಂತರ ಚರಿತ್ರೆಯಲ್ಲಿ ಸೈನ್ಯ ತಪ್ಪಿಸಿಕೊಂಡ ಅಧ್ಯಾಯವೊಂದು ಇರುವುದು ಅಪರೂಪವೇ ಸರಿ.

1813ರಲ್ಲಿ ಲಿಯೋನ್‌ನ ಗುರುಮಠಕ್ಕೆ ಸೇರಿದರೂ ಅಲ್ಲಿ ಪಾಠ, ಪರೀಕ್ಷೆ ಎಲ್ಲವೂ ಲ್ಯಾಟಿನ್‌ನಲ್ಲಿ. ಪ್ರಶ್ನೆಯೇ ಅರ್ಥವಾಗದವರು ಉತ್ತರ ಹೇಳುವುದೆಲ್ಲಿ? ಕೆಲವೇ ತಿಂಗಳಲ್ಲಿ ಅವರನ್ನು ಹಿಂದೆ ಕಳುಹಿಸಲಾಯಿತು. ಬಾಲೆಯವರು ಮಾತ್ರ ಶಿಷ್ಯನ ಕೈಬಿಡಲಿಲ್ಲ. ಫ್ರೆಂಚ್ ಭಾಷೆಯಲ್ಲೇ ಪಾಠ ಹೇಳಿಕೊಟ್ಟು, ಮೇಲಿನವರನ್ನು ಕಂಡು ವಾದಿಸಿದರು. ಈತ ಭಕ್ತನೇ, ಜಪಮಾಲೆ ಹಿಡಿಯುವವನೇ ಎಂದಷ್ಟೇ ಕೇಳಿ, ಹೌದೆಂಬ ಉತ್ತರ ಬಂದಾಗ ಧರ್ಮಪ್ರಾಂತ್ಯದ ಆಡಳಿತ ನೋಡುತ್ತಿದ್ದ ಕೂರ್ಬೋನ್ ಅವರು ಒಪ್ಪಿಗೆ ಕೊಟ್ಟರೆನ್ನಲಾಗಿದೆ. 1815ರ ಆಗಸ್ಟ್ 13ರಂದು ಗ್ರೆನೋಬ್ಲ್ ನಗರದಲ್ಲಿ ಗುರುದೀಕ್ಷೆ. ವಾಟರ್ಲೂ ಯುದ್ಧ ಮುಗಿದು ಎರಡು ತಿಂಗಳೂ ಆಗಿರಲಿಲ್ಲ. ದಾರಿಯುದ್ದಕ್ಕೂ ಪರದೇಶದ ಸೈನಿಕರು. ಸುಮಾರು 100 ಕಿ.ಮೀ. ದೂರವನ್ನು ಅವರು ಒಬ್ಬರೇ ನಡೆದು ಹೋದರು. ದೀಕ್ಷೆ ಸಿಕ್ಕರೂ ಪಾಪನಿವೇದನೆ ಕೇಳುವ ಅಧಿಕಾರವನ್ನು ಕೂಡಲೇ ಕೊಡಲಿಲ್ಲ. ಭಕ್ತರು ತಮ್ಮ ತಪ್ಪುಗಳನ್ನು ಗುರುಗಳಲ್ಲಿ ಗುಟ್ಟಾಗಿ ಹೇಳಿಕೊಂಡು ದೇವರ ಕ್ಷಮೆ ಪಡೆಯುವ ಸಂಸ್ಕಾರವಿದು. ಅದಕ್ಕೆ ಬೇಕಾದ ತಿಳುವಳಿಕೆ ಇವರಿಗೆ ಸಾಲದು ಎಂಬುದು ಮೇಲಿನವರ ಭಾವನೆಯಾಗಿತ್ತು. ಮುಂದೆ ಇಡೀ ಫ್ರಾನ್ಸ್ ಇವರ ಬಳಿಗೆ ಬಂದದ್ದು ಇದೇ ಸಂಸ್ಕಾರಕ್ಕಾಗಿ!

ಎಕ್ಯುಲಿಯಲ್ಲಿ ಎರಡು ವರ್ಷ ಬಾಲೆಯವರ ಸಹಾಯಕರಾಗಿದ್ದ ವಿಯಾನಿ, 1817ರ ಡಿಸೆಂಬರಿನಲ್ಲಿ ಆ ಗುರುವನ್ನು ಕಳೆದುಕೊಂಡರು. ಅದಾಗಿ ಎರಡೇ ತಿಂಗಳಲ್ಲಿ ವರ್ಗಾವಣೆಯ ಆದೇಶ ಬಂತು. ಲಿಯೋನ್‌ನಿಂದ ಉತ್ತರಕ್ಕೆ ಸುಮಾರು 35 ಕಿ.ಮೀ. ದೂರದ ಆರ್ಸ್. ಜನಸಂಖ್ಯೆ 230. ಆಗ ಅದು ಪೂರ್ಣ ಧರ್ಮಕೇಂದ್ರವೂ ಆಗಿರಲಿಲ್ಲ. ಪಕ್ಕದ ಊರಿನ ಚರ್ಚ್‌ಗೆ ಸೇರಿದ ಉಪಕೇಂದ್ರ. ಕ್ರಾಂತಿಯ ಕಾಲದಲ್ಲಿ ಅಲ್ಲಿಯ ಇಗರ್ಜಿ ಲೂಟಿಯಾಗಿ ಗಂಟೆ ಗೋಪುರ ನೆಲಕ್ಕುರುಳಿತ್ತು. ಆಗಿನ ಪಾದ್ರಿ ದೀಕ್ಷೆ ತೊರೆದು ಅದೇ ಊರಲ್ಲಿ ವ್ಯಾಪಾರಕ್ಕೆ ಕುಳಿತಿದ್ದರು. ವಿಯಾನಿಗಿಂತ ಮುಂಚೆ ನೇಮಕಗೊಂಡಿದ್ದ ಯುವ ಗುರು ಕೆಲವೇ ದಿನಗಳಲ್ಲಿ ಕಾಯಿಲೆಯಿಂದ ತೀರಿಕೊಂಡಿದ್ದರು. ಅಲ್ಲಿ ದೈವಪ್ರೀತಿ ಕಡಿಮೆ, ನೀವೇ ಹೋಗಿ ಒಂದಿಷ್ಟು ತುಂಬಿಸಿ ಎಂಬರ್ಥದ ಮಾತು ಹೇಳಿ ಅವರನ್ನು ಬೀಳ್ಕೊಟ್ಟರಂತೆ. ಬುದ್ಧಿವಂತರನ್ನು ದೊಡ್ಡ ಊರಿಗೆ, ಉಳಿದವರನ್ನು ಇಂಥಲ್ಲಿಗೆ ಎಂಬ ಲೆಕ್ಕಾಚಾರ ಇದರ ಹಿಂದೆ ಇದ್ದಿರಬೇಕು. ಯಾವ ಕಾಲದಲ್ಲೂ ಆಡಳಿತ ಹೀಗೆಯೇ ಅಲ್ಲವೇ!

1818ರ ಫೆಬ್ರವರಿ. ಗಾಡಿಯ ಮೇಲೆ ಒಂದು ಮರದ ಮಂಚ, ಒಂದಿಷ್ಟು ಬಟ್ಟೆ, ಬಾಲೆಯವರು ಬಿಟ್ಟುಹೋದ ಪುಸ್ತಕಗಳು. ಮಂಜು ಕವಿದು ದಾರಿ ತಪ್ಪಿತು. ಕುರಿ ಕಾಯುತ್ತಿದ್ದ ಆಂತ್ವಾನ್ ಜೀವ್ರ್ ಎಂಬ ಹುಡುಗ ದಾರಿ ತೋರಿಸಿದ. ನೀನು ನನಗೆ ಆರ್ಸ್‌ಗೆ ಹೋಗುವ ದಾರಿ ತೋರಿಸಿದೆ, ನಾನು ನಿನಗೆ ಸ್ವರ್ಗದ ದಾರಿ ತೋರಿಸುತ್ತೇನೆ ಎಂದು ಹೊಸ ಪಾದ್ರಿ ಅವನಿಗೆ ಮಾತು ಕೊಟ್ಟರೆಂಬುದು ಆ ಊರಿನಲ್ಲಿ ಬಾಯಿಂದ ಬಾಯಿಗೆ ಬಂದ ಕತೆ. ಅವರಿಬ್ಬರೂ ಭೇಟಿಯಾದ ಜಾಗದಲ್ಲಿ ಈಗ ಒಂದು ಸ್ಮಾರಕವಿದೆ. ಹಳ್ಳಿಯ ಮನೆಗಳು ಕಣ್ಣಿಗೆ ಬಿದ್ದಾಗ ವಿಯಾನಿ ದಾರಿಯಲ್ಲೇ ಮೊಣಕಾಲೂರಿ ಪ್ರಾರ್ಥಿಸಿದರು.

ಆರ್ಸ್‌ನ ಜನ ಕೆಟ್ಟವರೇನೂ ಆಗಿರಲಿಲ್ಲ. ದೇವರನ್ನು ನಿಂದಿಸುವವರಲ್ಲ, ಪಾದ್ರಿಯನ್ನು ಓಡಿಸುವವರೂ ಅಲ್ಲ. ಧರ್ಮದ ಗೊಡವೆಯೇ ಬೇಡವೆಂದಿದ್ದವರು. ಭಾನುವಾರವೂ ಹೊಲದ ಕೆಲಸ. ಸಂಜೆಯಾದರೆ ಹೆಂಡದಂಗಡಿ, ಕುಣಿತ. ಅಷ್ಟು ಚಿಕ್ಕ ಊರಲ್ಲಿ ನಾಲ್ಕು ಹೆಂಡದಂಗಡಿಗಳಿದ್ದವು.

ಹೊಸ ಧರ್ಮಗುರು ಮಾಡಿದ ಮೊದಲ ಕೆಲಸ, ತಮ್ಮ ನಿವಾಸದಲ್ಲಿದ್ದ ಒಳ್ಳೆಯ ಪೀಠೋಪಕರಣಗಳನ್ನು ಅವುಗಳ ಮಾಲೀಕರಾದ ಊರ ಜಮೀನ್ದಾರರ ಮನೆಗೆ ವಾಪಸು ಕಳುಹಿಸಿದ್ದು. ಹಾಸಿಗೆಯನ್ನು ಬಡವರಿಗೆ ಕೊಟ್ಟುಬಿಟ್ಟರು. ಒಂದು ಮಡಕೆ ಆಲೂಗಡ್ಡೆ ಬೇಯಿಸಿಟ್ಟುಕೊಂಡರೆ ವಾರಪೂರ್ತಿ ಅದೇ ಊಟ. ವಾರದ ಕೊನೆಗೆ ಬೂಷ್ಟು ಹಿಡಿದಿದ್ದರೂ ಅದನ್ನೇ ತಿನ್ನುತ್ತಿದ್ದರು. ಬೆಳಗ್ಗೆ ನಾಲ್ಕಕ್ಕೇ ಲಾಟೀನು ಹಿಡಿದು ಇಗರ್ಜಿಗೆ ಹೋಗಿ ಗಂಟೆಗಟ್ಟಲೆ ಪ್ರಾರ್ಥನೆಯಲ್ಲಿರುತ್ತಿದ್ದರು. ಜನ ಮೊದಲು ಕಂಡದ್ದು ಇದನ್ನು. ಪ್ರವಚನ ಕೇಳಲು ಬಾರದವರೂ ಆ ಲಾಟೀನಿನ ಬೆಳಕನ್ನು ನೋಡುತ್ತಿದ್ದರು.

ಮಧ್ಯಾಹ್ನ ಊಟದ ಹೊತ್ತಿಗೆ ಮನೆಮನೆಗೆ ಹೋಗುವುದು ಅವರ ಇನ್ನೊಂದು ಕ್ರಮ. ಹೊಲದಿಂದ ಎಲ್ಲರೂ ಮನೆಗೆ ಬಂದಿರುವ ಹೊತ್ತದು. ನೇರವಾಗಿ ಧರ್ಮದ ಮಾತಿಗೆ ಇಳಿಯುತ್ತಿರಲಿಲ್ಲ. ಬೆಳೆ ಹೇಗಿದೆ, ದನ ಕರು ಹಾಕಿತೇ, ಮಗುವಿನ ಜ್ವರ ಬಿಟ್ಟಿತೇ ಎಂದು ವಿಚಾರಿಸುತ್ತಿದ್ದರು. ಸ್ವತಃ ನೇಗಿಲು ಹಿಡಿದವರಾದ್ದರಿಂದ ಆ ಮಾತು ಅವರಿಗೆ ಕಷ್ಟವೂ ಅಲ್ಲ, ನಾಟಕವೂ ಅಲ್ಲ. ಕಷ್ಟವಾಗುತ್ತಿದ್ದುದು ಪ್ರವಚನ. ಗಂಟೆಗಟ್ಟಲೆ ಬರೆದು, ರಾತ್ರಿ ಬಾಯಿಪಾಠ ಮಾಡಿ, ಭಾನುವಾರ ಪೀಠ ಏರಿದರೆ ನಡುವೆ ಮರೆತುಹೋಗಿ ಏನೂ ತೋಚದೆ ಕೆಳಗಿಳಿದದ್ದೂ ಉಂಟು.

ತಾವು ಹರಕು ನಿಲುವಂಗಿ ತೊಟ್ಟರೂ ಇಗರ್ಜಿಗೆ ಮಾತ್ರ ಲಿಯೋನ್‌ನ ಉತ್ತಮ ರೇಷ್ಮೆಯ ಪೂಜಾವಸ್ತ್ರಗಳನ್ನು ತರುತ್ತಿದ್ದರು. ಕೆಡವಿದ್ದ ಗೋಪುರವನ್ನು ಇಟ್ಟಿಗೆಯಲ್ಲಿ ಕಟ್ಟಿಸಿದರು. ನಿಧಾನವಾಗಿ ಜನ ಬರತೊಡಗಿದರು. ಹೊಲಕ್ಕೆ ಹೋಗುವ ಮುನ್ನ ಗುದ್ದಲಿಯನ್ನು ಬಾಗಿಲಲ್ಲಿಟ್ಟು ಒಳಗೆ ಬಂದು ಸುಮ್ಮನೆ ಕುಳಿತುಕೊಳ್ಳುವ ರೈತನೊಬ್ಬನನ್ನು ನೀನೇನು ಪ್ರಾರ್ಥಿಸುತ್ತಿ ಎಂದು ವಿಯಾನಿ ಕೇಳಿದ್ದರು. ನಾನು ದೇವರನ್ನು ನೋಡುತ್ತೇನೆ, ದೇವರು ನನ್ನನ್ನು ನೋಡುತ್ತಾನೆ ಎಂಬರ್ಥದ ಉತ್ತರ ಬಂತು. ಪಂಡಿತರ ಪ್ರಾರ್ಥನೆಗಿಂತ ಇದು ಮಿಗಿಲೆಂದು ಅವರು ಜೀವನವಿಡೀ ಈ ಮಾತನ್ನು ನೆನೆಯುತ್ತಿದ್ದರು.

ಎರಡು ವರ್ಷ ಕಳೆದ ಮೇಲೆ, 1820ರಲ್ಲಿ, ಅವರನ್ನು ಸಾಲ್ ಎಂಬ ಊರಿಗೆ ವರ್ಗ ಮಾಡಲಾಯಿತು. ಸಾಮಾನು ಕಟ್ಟಿ ಹೊರಟರೆ ಸೋನ್ ನದಿ ಉಕ್ಕಿ ಹರಿಯುತ್ತಿತ್ತು. ದೋಣಿ ದಾಟಿಸಲಾಗಲಿಲ್ಲ. ಆ ನಡುವೆ ಊರಿನವರು ಲಿಯೋನ್‌ಗೆ ಹೋಗಿ ನಮ್ಮ ಪಾದ್ರಿ ನಮಗೇ ಬೇಕೆಂದು ಹಟ ಹಿಡಿದರು. ಆದೇಶ ರದ್ದಾಯಿತು. ಮರುವರ್ಷ, 1821ರಲ್ಲಿ ಆರ್ಸ್ ಸ್ವತಂತ್ರ ಧರ್ಮಕೇಂದ್ರವಾಯಿತು. ಧರ್ಮದ ಗೊಡವೆ ಬೇಡವೆಂದಿದ್ದ ಊರು ಎರಡೇ ವರ್ಷದಲ್ಲಿ ತನ್ನ ಪಾದ್ರಿಗಾಗಿ ಓಡಾಡಿದ್ದು ಗಮನಾರ್ಹ.

ಹಾಗೆಂದು ಎಲ್ಲವೂ ಸುಸೂತ್ರವಾಗಿತ್ತೆಂದಲ್ಲ. ಹೆಂಡದಂಗಡಿಗಳ ವಿರುದ್ಧ ಅವರ ಮಾತು ಬಲು ಖಾರ. ಒಂದೊಂದಾಗಿ ಅವು ಮುಚ್ಚಿದವು. ಕುಣಿತದ ಮೇಲಂತೂ ಅವರ ಯುದ್ಧ ವರ್ಷಾನುಗಟ್ಟಲೆ ನಡೆಯಿತು. ಪಿಟೀಲು ಬಾರಿಸಲು ಬಂದವನಿಗೆ ಕೈತುಂಬ ಹಣ ಕೊಟ್ಟು ಬಾರಿಸದೆಯೇ ವಾಪಸು ಕಳುಹಿಸಿದ ಪ್ರಸಂಗವಿದೆ. ಕುಣಿತಕ್ಕೆ ಹೋದವರಿಗೆ ಪಾಪಕ್ಷಮೆಯನ್ನೇ ನಿರಾಕರಿಸುತ್ತಿದ್ದರು. ಮದುವೆಯ ಮುನ್ನಾದಿನ ರೋಸ್ ಮುಗಿಸಿ ಬ್ಯಾಂಡಿಗೆ ಹೆಜ್ಜೆ ಹಾಕುವ ನಮ್ಮ ಕರಾವಳಿಯ ಕ್ರೈಸ್ತರಿಗೆ ಇದು ಅತಿಯೆನಿಸಿದರೆ ತಪ್ಪಿಲ್ಲ. ಇದು ಅತಿಯೇ ಆಗಿತ್ತು. ಕ್ರಾಂತಿಯ ಕಾಲದ ಕಠಿಣ ಪಾದ್ರಿಗಳಿಂದ ಧರ್ಮ ಕಲಿತವರು ಅವರು. ಮುಂದೆ ಸಂತ ಅಲ್ಫೋನ್ಸ್ ಲಿಗೋರಿಯವರ ಬೋಧನೆಯ ಪರಿಚಯವಾದ ಮೇಲೆ, ಸಾವಿರಾರು ಜನರ ಕಣ್ಣೀರು ಕಂಡ ಮೇಲೆ, ಅವರ ಕಾಠಿಣ್ಯ ಬಹಳಷ್ಟು ಕರಗಿತು. ವಯಸ್ಸಾದಂತೆ ಜನರಿಗೆ ಚಿಕ್ಕ ಪ್ರಾಯಶ್ಚಿತ್ತ ವಿಧಿಸಿ, ಉಳಿದದ್ದನ್ನು ಅವರ ಪರವಾಗಿ ತಾವೇ ಉಪವಾಸದಿಂದ ತೀರಿಸುತ್ತಿದ್ದರು.

ವಿರೋಧವೂ ಹುಟ್ಟಿತು. ಊರಿನ ಹೆಣ್ಣೊಬ್ಬಳು ಮದುವೆಯಾಗದೆ ತಾಯಿಯಾದಾಗ ಆ ಅಪವಾದವನ್ನು ಪಾದ್ರಿಯ ತಲೆಗೆ ಕಟ್ಟಲಾಯಿತು. ಅವರ ಮನೆ ಬಾಗಿಲಿಗೆ ಕೆಸರು ಬಳಿದರು. ಸುತ್ತಲಿನ ಊರುಗಳ ಪಾದ್ರಿಗಳಂತೂ ಇಂಥ ಅರೆಬೆಂದ ವಿದ್ಯೆಯವನ ಬಳಿಗೆ ನಿಮ್ಮ ಜನ ಹೋಗಬಾರದೆಂದು ತಮ್ಮ ಚರ್ಚ್‌ಗಳಲ್ಲಿ ಎಚ್ಚರಿಸಿದರು. ಇವರು ಆ ಹುದ್ದೆಗೆ ಅನರ್ಹರೆಂದು ಬಿಷಪರಿಗೆ ಕೊಡಲು ಅವರೊಳಗೆ ಕೈಯಿಂದ ಕೈಗೆ ಸಾಗುತ್ತಿದ್ದ ಮನವಿ ಪತ್ರವೊಂದು ತಪ್ಪಿ ವಿಯಾನಿಯವರ ಕೈಗೇ ಬಂತು. ಅವರು ಅದನ್ನು ಓದಿ, ತಾವೂ ಸಹಿ ಹಾಕಿ ಕಳುಹಿಸಿಕೊಟ್ಟರು! ಇದು ವ್ಯಂಗ್ಯವಲ್ಲ. ತಮಗೆ ಈ ಹುದ್ದೆಯ ಯೋಗ್ಯತೆಯಿಲ್ಲವೆಂದು ಅವರು ನಿಜಕ್ಕೂ ನಂಬಿದ್ದರು. ಬಿಷಪ್ ದೆವಿಯವರು ವಿಚಾರಣೆ ನಡೆಸಿ ಯಾವ ತಪ್ಪೂ ಕಾಣದೆ ಅವರ ಪರವಾಗಿ ನಿಂತರು.

1824ರಲ್ಲಿ ಊರಿನ ಹೆಣ್ಣುಮಕ್ಕಳಿಗಾಗಿ ಒಂದು ಉಚಿತ ಶಾಲೆ ತೆರೆದರು. ಹೆಸರು ಪ್ರಾವಿಡೆನ್ಸ್. ನಡೆಸಿದವರು ಕ್ಯಾಥರಿನ್ ಲಸಾಞ್ ಮತ್ತು ಬೆನ್ವಾತ್ ಲಾರ್ದೆ ಎಂಬ ಹಳ್ಳಿಯ ಇಬ್ಬರು ಯುವತಿಯರು. ಬೇಗನೆ ಅದು ಅನಾಥ ಹೆಣ್ಣುಮಕ್ಕಳ ಆಶ್ರಯವೂ ಆಯಿತು. ಸುಮಾರು 60 ಮಕ್ಕಳು ಅಲ್ಲಿದ್ದ ದಿನಗಳಿದ್ದವು. ಓದು, ಹೊಲಿಗೆ, ಮನೆಗೆಲಸ, ಧರ್ಮೋಪದೇಶ ಎಲ್ಲವೂ ಅಲ್ಲೇ. ಆ ಮಕ್ಕಳಿಗೆ ಅವರು ಪ್ರತಿದಿನ ಹೇಳುತ್ತಿದ್ದ ಧರ್ಮೋಪದೇಶವನ್ನು ಕೇಳಲು ದೊಡ್ಡವರೂ ಬಂದು ನಿಲ್ಲತೊಡಗಿದರು. ಪೀಠದ ಮೇಲೆ ತೊದಲುತ್ತಿದ್ದವರಿಗೆ ಮಕ್ಕಳೆದುರು ಮಾತು ತಾನಾಗಿ ಬರುತ್ತಿತ್ತು. 1845ರಲ್ಲಿ ಫ್ರಾನ್ಸಿನ ಅತ್ಯಂತ ಪ್ರಸಿದ್ಧ ಪ್ರವಚನಕಾರ, ಪ್ಯಾರಿಸ್‌ನ ನೋತ್ರ್ ದಾಮ್ ಪ್ರಧಾನಾಲಯದಲ್ಲಿ ಸಹಸ್ರಾರು ಜನರನ್ನು ಸೆರೆಹಿಡಿದಿದ್ದ ಲಕೋರ್ದೇರ್ ಅವರೇ ಆರ್ಸ್‌ಗೆ ಬಂದು ಈ ಹಳ್ಳಿ ಪಾದ್ರಿಯ ಮಾತಿಗೆ ಕಿವಿಗೊಟ್ಟು ಕುಳಿತರು.

ಪಾಪನಿವೇದನೆಗೆ ಹೊರ ಊರಿನವರು ಬರಲಾರಂಭಿಸಿದ್ದು 1820ರ ದಶಕದ ಕೊನೆಯಲ್ಲಿ. ಮುಂದಿನ ಮೂವತ್ತು ವರ್ಷಗಳಲ್ಲಿ ಅದು ಪ್ರವಾಹವಾಯಿತು. ವರ್ಷಕ್ಕೆ ಹತ್ತಾರು ಸಾವಿರ ಮಂದಿ. ಲಿಯೋನ್‌ನಲ್ಲಿ ಆರ್ಸ್‌ಗೆಂದೇ ಎಂಟು ದಿನಗಳ ಅವಧಿಯ ಟಿಕೆಟು ಕೊಡುತ್ತಿದ್ದರು. ಅಷ್ಟು ದಿನ ಕಾದರೇ ಸರದಿ ಬರುತ್ತಿತ್ತು. ರಾತ್ರಿ ಒಂದು ಗಂಟೆಗೆಲ್ಲ ಎದ್ದು ಪಾಪನಿವೇದನೆಯ ಪೆಟ್ಟಿಗೆಯಲ್ಲಿ ಕುಳಿತರೆ ಚಳಿಗಾಲದಲ್ಲಿ ಹನ್ನೊಂದು ಹನ್ನೆರಡು ಗಂಟೆ, ಬೇಸಗೆಯಲ್ಲಿ ಅದಕ್ಕೂ ಹೆಚ್ಚು. ಶ್ರೀಮಂತರಿಗೆ ಬೇರೆ ಸಾಲಿರಲಿಲ್ಲ. ರೋಗಿಗಳನ್ನು ಮಾತ್ರ ಮುಂದೆ ಕರೆಯುತ್ತಿದ್ದರು. ಮುಚ್ಚಿದ ಹೆಂಡದಂಗಡಿಗಳ ಊರಲ್ಲಿ ಯಾತ್ರಿಕರಿಗಾಗಿ ವಸತಿಗೃಹಗಳು ಎದ್ದವು.

ಅಲ್ಲಿ ಕಾಯಿಲೆ ವಾಸಿಯಾಯಿತೆಂದು ಜನ ಹೇಳಿದಾಗಲೆಲ್ಲ ವಿಯಾನಿ ಆ ಕೀರ್ತಿಯನ್ನು ಸಂತ ಫಿಲೋಮಿನಾಳಿಗೆ ಒಪ್ಪಿಸಿಬಿಡುತ್ತಿದ್ದರು. 1802ರಲ್ಲಿ ರೋಮ್‌ನ ನೆಲಮಾಳಿಗೆಯ ಸಮಾಧಿಯೊಂದರಲ್ಲಿ ಈಕೆಯ ಅವಶೇಷ ಸಿಕ್ಕಿತ್ತು. ಅದರ ಒಂದಂಶವನ್ನು ವಿಯಾನಿಯವರಿಗೆ ಕೊಟ್ಟವರು ಲಿಯೋನ್‌ನ ಪೋಲಿನ್ ಜರಿಕೋ. ಹೊರದೇಶಗಳ ಧರ್ಮಪ್ರಚಾರಕ್ಕೆ ಹಣ ಕೂಡಿಸುವ ಸಂಸ್ಥೆಗೆ 1822ರಲ್ಲಿ ಅಡಿಪಾಯ ಹಾಕಿದ ಈ ಮಹಿಳೆಗೆ 2022ರಲ್ಲಿ ಪುನೀತೆ ಪದವಿ ಲಭಿಸಿತು. ಆರ್ಸ್‌ನಿಂದ ಫಿಲೋಮಿನಾಳ ಭಕ್ತಿ ಜಗತ್ತಿನೆಲ್ಲೆಡೆ ಹಬ್ಬಿತು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲಿಟ್ಟ ಮೈಸೂರಿನ ಅವಳಿ ಗೋಪುರಗಳ ಚರ್ಚ್‌ಗೂ, ಪುತ್ತೂರಿನ ಕಾಲೇಜಿಗೂ ಇರುವುದು ಇದೇ ಸಂತೆಯ ಹೆಸರು. 1961ರಲ್ಲಿ ಆಕೆಯ ಹಬ್ಬವನ್ನು ಧರ್ಮಸಭೆಯ ಪಂಚಾಂಗದಿಂದ ತೆಗೆಯಲಾದರೂ ಮೈಸೂರಿನಲ್ಲಿ ಆ ಭಕ್ತಿ ಕುಂದಲಿಲ್ಲ.

ಇಷ್ಟು ಕೀರ್ತಿಯ ನಡುವೆ ವಿಯಾನಿಯವರ ಒಳಗಿದ್ದದ್ದು ಒಂದೇ ಆಸೆ: ಊರು ಬಿಟ್ಟು ಹೋಗಬೇಕು, ಯಾವುದಾದರೂ ಮಠದ ಮೂಲೆಯಲ್ಲಿ ಕುಳಿತು ತನ್ನ ಪಾಪಗಳಿಗಾಗಿ ಅಳಬೇಕು. ಇಷ್ಟು ಜನರ ಆತ್ಮದ ಲೆಕ್ಕವನ್ನು ದೇವರಿಗೆ ಒಪ್ಪಿಸುವುದು ತನ್ನಿಂದಾಗದೆಂಬ ಭಯ ಅವರನ್ನು ಹಗಲಿರುಳು ಕಾಡುತ್ತಿತ್ತು. 1840ರಲ್ಲಿ ಒಂದು ರಾತ್ರಿ ಹೊರಟು, ದಾರಿಯಲ್ಲಿ ಮನಸ್ಸು ತಡೆಯದೆ ಮರಳಿದರು. 1843ರಲ್ಲಿ ಸಾವಿನ ದವಡೆಯಿಂದ ಪಾರಾದ ಮೇಲೆ ಹುಟ್ಟೂರಿಗೆ ಹೋಗಿ ಅಣ್ಣನ ಮನೆ ಸೇರಿಕೊಂಡರೆ, ಜನ ಅಲ್ಲಿಗೂ ಬಂದು ಸಾಲು ನಿಂತರು. ಒಂದು ವಾರದಲ್ಲಿ ವಾಪಸು. ಆ ಬಳಿಕ ಸಹಾಯಕರಾಗಿ ಬಂದ ರೇಮೋನ್ ಎಂಬ ಗುರು ಎಂಟು ವರ್ಷ ಕಾಲ ಜನರೆದುರೇ ಅವರನ್ನು ಗದರಿಸುತ್ತಿದ್ದರು. ಅವರ ಬಗ್ಗೆ ವಿಯಾನಿ ಒಂದೇ ಒಂದು ದೂರು ಹೇಳಲಿಲ್ಲ. 1853ರ ಸೆಪ್ಟೆಂಬರಿನಲ್ಲಿ ಮತ್ತೆ ನಡುರಾತ್ರಿ ಹೊರಟರು. ಸುದ್ದಿ ಹೇಗೋ ಹೊರಬಿದ್ದು ಇಗರ್ಜಿಯ ಗಂಟೆ ಮೊಳಗಿತು. ಬೆಂಕಿ ಬಿತ್ತೆಂದು ಭಾವಿಸಿ ಜನ ಕೈಗೆ ಸಿಕ್ಕಿದ್ದನ್ನು ಹಿಡಿದು ಓಡಿಬಂದರು. ಹೊಸ ಸಹಾಯಕ ತೊಕಾನಿಯೆ ಅವರ ಪ್ರಾರ್ಥನಾ ಪುಸ್ತಕವನ್ನು ಕಸಿದುಕೊಂಡರು. ಯಾತ್ರಿಕರು ದಾರಿಗೆ ಅಡ್ಡ ನಿಂತು ಅತ್ತರು. 67 ವರ್ಷದ ಆ ಮುದುಕ ಸುಮ್ಮನೆ ತಿರುಗಿ ಇಗರ್ಜಿಗೆ ನಡೆದು ಪಾಪನಿವೇದನೆಯ ಪೆಟ್ಟಿಗೆಯಲ್ಲಿ ಕುಳಿತುಬಿಟ್ಟರು.

ಗೌರವಗಳಿಗೂ ಅವರಿಗೂ ಹೊಂದಿಬರಲಿಲ್ಲ. 1852ರಲ್ಲಿ ಬಿಷಪರು ಕ್ಯಾನನ್ ಪದವಿಯ ಅಂಗವಸ್ತ್ರ ತೊಡಿಸಿದರೆ, ಅದನ್ನು 50 ಫ್ರಾಂಕಿಗೆ ಮಾರಿ ಧರ್ಮಕಾರ್ಯಕ್ಕೆ ಬಳಸಿದರು. 1855ರಲ್ಲಿ ಚಕ್ರವರ್ತಿಯ ಸರಕಾರ ಲೀಜನ್ ಆಫ್ ಆನರ್ ಪ್ರಶಸ್ತಿ ನೀಡಿತು. ಪದಕವನ್ನು ಅವರು ಒಮ್ಮೆಯೂ ಎದೆಗೆ ಹಾಕಿಕೊಳ್ಳಲಿಲ್ಲ.

1859ರ ಜುಲೈ ತಿಂಗಳು ಬಿಸಿಲಿನ ಬೇಗೆ ವಿಪರೀತವಾಗಿತ್ತು. ಜುಲೈ 29ರಂದು ಎಂದಿನಂತೆ ನಡುರಾತ್ರಿಯಿಂದಲೇ ಪಾಪನಿವೇದನೆ ಕೇಳಿ, ಧರ್ಮೋಪದೇಶ ಹೇಳಿ, ಸಂಜೆ ಮನೆಗೆ ಬಂದವರು ಮರುದಿನ ಏಳಲಾಗಲಿಲ್ಲ. ಓಡಿಹೋಗುವ ಮಾತು ಈಗ ಅವರ ಬಾಯಲ್ಲಿ ಬರಲಿಲ್ಲ. ಸೆಕೆಯಿಂದ ಅವರಿಗೆ ತೊಂದರೆಯಾಗದಿರಲೆಂದು ಊರಿನವರು ಮನೆಯ ಮೇಲೆ ದೊಡ್ಡ ಬಟ್ಟೆಗಳನ್ನು ಹರಡಿ ಆಗಾಗ ನೀರು ಸುರಿದು ತಂಪು ಮಾಡುತ್ತಿದ್ದರು. ಆಗಸ್ಟ್ 4ರ ಬೆಳಗಿನ ಜಾವ ಎರಡು ಗಂಟೆಗೆ ಅವರು ಕೊನೆಯುಸಿರೆಳೆದರು. ವಯಸ್ಸು 73. ಆರ್ಸ್‌ಗೆ ಬಂದು 41 ವರ್ಷಗಳಾಗಿದ್ದವು. 1905ರಲ್ಲಿ ಪುನೀತರೆಂದೂ, 1925ರ ಮೇ 31ರಂದು ಸಂತರೆಂದೂ ಘೋಷಿತರಾದರು. ಅವರ ದೇಹ ಇಂದಿಗೂ ಆರ್ಸ್‌ನ ಬಸಿಲಿಕಾದಲ್ಲಿದೆ. ಆ ಬಸಿಲಿಕಾಕ್ಕೆ ತಾಗಿಕೊಂಡು ಅವರ ಹಳೆಯ ಪುಟ್ಟ ಇಗರ್ಜಿಯನ್ನೂ, ಸ್ವಲ್ಪ ದೂರದಲ್ಲಿ ಅವರು ವಾಸವಿದ್ದ ಮನೆಯನ್ನೂ ಇದ್ದಂತೆಯೇ ಉಳಿಸಿಕೊಳ್ಳಲಾಗಿದೆ.